ಮಂಡಿಗೆ ಜೆಲ್ ಇಂಜೆಕ್ಷನ್: ಒಪ್ಪುವ ಮುಂಚೆ ತಿಳಿದಿರಬೇಕಾದ್ದು

‘ಮಂಡಿ ಸವೆದಿದೆ ಅಮ್ಮಾ, ಗ್ಯಾಪ್ ಕಮ್ಮಿಯಾಗಿದೆ. ಆಪರೇಷನ್ ಈಗಲೇ ಬೇಡ, ಒಂದು ಜೆಲ್ ಇಂಜೆಕ್ಷನ್ ಹಾಕಿ ನೋಡೋಣ.’ ಅರವತ್ತು ದಾಟಿದವರಿರುವ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಮೂಳೆ ವೈದ್ಯರ ಓಪಿಡಿಯಲ್ಲಿ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಎಕ್ಸ್‌ರೇ ನೋಡಬೇಕು, ಬೆಲೆ ಕೇಳಬೇಕು, ಊರಿನಲ್ಲಿಲ್ಲದ ಮಗನಿಗೋ ಮಗಳಿಗೋ ಫೋನ್ ಮಾಡಬೇಕು, ಹೂಂ ಎನ್ನಬೇಕು ಇಲ್ಲವೇ ಬೇಡ ಎನ್ನಬೇಕು. ಆ ಕೆಲವು ನಿಮಿಷಗಳಿಗೆ ಮೊದಲೇ ಓದಿಕೊಂಡು ಹೋಗಲಿ ಎಂದು ಈ ಲೇಖನ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಈ ಇಂಜೆಕ್ಷನ್‌ಗೆ ಬಂದಿರುವ ಹೆಸರು ಅದು ಮಾಡುವ ಕೆಲಸಕ್ಕಿಂತ ಬಹಳ ದೊಡ್ಡದು. ಮಂಡಿನೋವಿನ ಮೊದಲ ಚಿಕಿತ್ಸೆಯಾಗಿ ಇದನ್ನು ಯಾರೂ ಹಾಕಿಸಿಕೊಳ್ಳಬೇಕಾಗಿಲ್ಲ. ಬೇರೆ ದಾರಿಗಳನ್ನು ನೋಡಿಯಾದ ಕೆಲವರು, ಏನು ನಿರೀಕ್ಷಿಸಬಹುದು ಎಂಬುದನ್ನು ತಿಳಿದು, ಒಮ್ಮೆ ಹಾಕಿಸಿಕೊಂಡರೆ ಅದರಲ್ಲಿ ತಪ್ಪೂ ಇಲ್ಲ.

ಜೆಲ್ ಅಂದರೆ ಏನು?

ಮೊಣಕಾಲಿನ ಕೀಲಿನೊಳಗೆ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಕೀಲಿನ ಒಳಪೊರೆ ಸ್ರವಿಸುವ, ಲೋಳೆಯಂಥ ದ್ರವ ಕೆಲವೇ ಮಿಲಿಲೀಟರ್‌ನಷ್ಟು ಅಲ್ಲಿರುತ್ತದೆ. ಆ ದ್ರವಕ್ಕೆ ಲೋಳೆತನ ಕೊಡುವ ವಸ್ತುವೇ ಹೈಲುರಾನಿಕ್ ಆಸಿಡ್. ಹೆಸರಿನಲ್ಲಿ ಆಸಿಡ್ ಇದೆಯೆಂದು ಹೆದರುವವರಿದ್ದಾರೆ. ಅದು ಸುಡುವ ಪದಾರ್ಥವಲ್ಲ, ಸಕ್ಕರೆಯ ಅಣುಗಳು ಉದ್ದದ ಸರಪಳಿಯಾಗಿ ಕೂಡಿ ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು. ನಮ್ಮ ಚರ್ಮದಲ್ಲೂ ಕಣ್ಣಿನಲ್ಲೂ ಅದು ಹುಟ್ಟಿನಿಂದಲೇ ಇದೆ. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನ ದ್ರವದಿಂದ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಜ್ಞಾನಿ ಎಂಡ್ರೆ ಬಲಾಜ್ ಅದನ್ನು ಶುದ್ಧಗೊಳಿಸಿ ಚಿಕಿತ್ಸೆಗೆ ಒಗ್ಗಿಸಿದರು. ರೇಸ್ ಕುದುರೆಗಳ ಕೀಲುಗಳಿಗೆ, ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಕೆಯಾದ ಮೇಲೆ, 1997ರಲ್ಲಿ ಅಮೆರಿಕದ ಎಫ್‌ಡಿಎ ಮನುಷ್ಯರ ಮಂಡಿಗೆ ಚುಚ್ಚಲು ಅನುಮತಿ ಕೊಟ್ಟಿತು.

ಮಂಡಿ ಸವೆದಾಗ ಈ ಸರಪಳಿಗಳು ತುಂಡಾಗುತ್ತವೆ, ಅವುಗಳ ಪ್ರಮಾಣವೂ ತಗ್ಗುತ್ತದೆ, ದ್ರವ ನೀರಾಗುತ್ತದೆ. ಹೊರಗಿನಿಂದ ತುಂಬಿದರೆ ಸರಿಹೋದೀತು ಎಂಬ ತರ್ಕ ಇಲ್ಲಿಂದ ಹುಟ್ಟಿತು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟಂತೆ ಎಂದು ಓಪಿಡಿಯಲ್ಲಿ ವಿವರಿಸುವುದೂ ಇದನ್ನೇ. ಕೇಳಲು ಹಿತವಾಗಿರುವ ಈ ವಿವರಣೆ ಎರಡು ಕಡೆ ಎಡವುತ್ತದೆ. ಚುಚ್ಚಿದ ಜೆಲ್ ಕೀಲಿನಲ್ಲಿ ಉಳಿಯುವುದು ಕೆಲವು ದಿನ, ತೀರಾ ಗಟ್ಟಿಯಾಗಿ ಹೆಣೆದದ್ದಾದರೆ ಕೆಲವು ವಾರ. ತಿಂಗಳುಗಟ್ಟಲೆ ಅಲ್ಲೇ ಕೂತು ಜಾರಿಸುತ್ತಿರುವುದಿಲ್ಲ. ಇನ್ನೊಂದು, ಮಂಡಿ ಸವೆತ ಎಂದರೆ ದ್ರವ ಒಣಗಿದ್ದಷ್ಟೇ ಅಲ್ಲ. ಮೃದ್ವಸ್ಥಿ, ಅದರಡಿಯ ಮೂಳೆ, ಒಳಪೊರೆಯ ಉರಿಯೂತ, ಸೊರಗಿದ ತೊಡೆಯ ಸ್ನಾಯು ಎಲ್ಲವೂ ಸೇರಿದ ಕಾಯಿಲೆ ಅದು. ಸವೆದ ಮೃದ್ವಸ್ಥಿಯನ್ನು ಈ ಜೆಲ್ ಮತ್ತೆ ಬೆಳೆಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ‘ಗ್ಯಾಪ್’ ತುಂಬುವ ಇಂಜೆಕ್ಷನ್ ಯಾವುದೂ ಇವತ್ತಿಗೆ ಇಲ್ಲ.

ಎಷ್ಟು ಕೆಲಸ ಮಾಡುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಹಣ ಖರ್ಚು ಮಾಡುವ ನಿರ್ಧಾರ ನಿಂತಿರುವುದು ಇದರ ಮೇಲೆ.

2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಈ ಇಂಜೆಕ್ಷನ್ ಕುರಿತ 169 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಭಾಗವಹಿಸಿದವರು 21 ಸಾವಿರಕ್ಕೂ ಹೆಚ್ಚು. ದೊಡ್ಡ ಪ್ರಮಾಣದ, ಬರೀ ಉಪ್ಪುನೀರಿನ ಇಂಜೆಕ್ಷನ್ ಅಥವಾ ಅಂಥದೇ ಹುಸಿ ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದ ಪ್ರಯೋಗಗಳನ್ನಷ್ಟೇ ತೆಗೆದುಕೊಂಡಾಗ ಜೆಲ್‌ನಿಂದ ಸಿಕ್ಕ ಹೆಚ್ಚುವರಿ ಲಾಭ, ನೋವನ್ನು 0ಯಿಂದ 100ರವರೆಗೆ ಅಳೆದರೆ, ಸುಮಾರು 2 ಅಂಕ. ರೋಗಿಗೆ ‘ಹೌದು, ವಾಸಿಯಾಗಿದೆ’ ಅನ್ನಿಸಬೇಕಾದರೆ ಕನಿಷ್ಠ 9 ಅಂಕದ ವ್ಯತ್ಯಾಸ ಬೇಕೆಂದು ಆ ಸಂಶೋಧಕರು ಇಟ್ಟುಕೊಂಡಿದ್ದರು. ಜೆಲ್ ಪಡೆದವರಲ್ಲಿ ಗಂಭೀರ ತೊಂದರೆಗಳು ಹುಸಿ ಚಿಕಿತ್ಸೆ ಪಡೆದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ವರದಿಯಾಗಿದ್ದವು ಎಂಬುದೂ ಅದೇ ವಿಶ್ಲೇಷಣೆಯಲ್ಲಿದೆ.

ಹಾಗಾದರೆ ಪಕ್ಕದ ಮನೆಯವರಿಗೆ ಗುಣವಾಯಿತಲ್ಲ? ಆಗಿರಬಹುದು, ಅವರು ಸುಳ್ಳು ಹೇಳುತ್ತಿಲ್ಲ. ಈ ಪ್ರಯೋಗಗಳಲ್ಲಿ ಉಪ್ಪುನೀರು ಚುಚ್ಚಿಸಿಕೊಂಡವರಿಗೂ ನೋವು ಸಾಕಷ್ಟು ಕಡಿಮೆಯಾಗಿತ್ತು. ಮಂಡಿನೋವು ಏರುತ್ತದೆ, ಇಳಿಯುತ್ತದೆ. ತೀರಾ ಏರಿದಾಗಲೇ ನಾವು ವೈದ್ಯರ ಬಳಿ ಓಡುವುದು, ಆಮೇಲೆ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಚಿಕಿತ್ಸೆ ಸಿಕ್ಕಿತು ಎಂಬ ನೆಮ್ಮದಿಗೂ ನೋವನ್ನು ತಗ್ಗಿಸುವ ಶಕ್ತಿ ಇದೆ.

ವೈದ್ಯ ಸಂಸ್ಥೆಗಳ ಸಲಹೆಯಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಇದನ್ನು ಕೊಡಬೇಡಿ ಎಂದು ನೇರವಾಗಿ ಹೇಳಿದೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2021ರಲ್ಲಿ, ಎಲ್ಲರಿಗೂ ರೂಢಿಯಂತೆ ಕೊಡುವುದು ಬೇಡ ಎಂದಿತು. ಅಂತಾರಾಷ್ಟ್ರೀಯ ಸಂಧಿವಾತ ಸಂಶೋಧನಾ ಸಂಸ್ಥೆ ಓಆರ್ಸಿ ಮಾತ್ರ 2019ರಲ್ಲಿ, ಬೇರೆ ಚಿಕಿತ್ಸೆಗಳ ನಂತರ ಕೆಲವು ರೋಗಿಗಳಿಗೆ ಷರತ್ತಿನ ಮೇಲೆ ಕೊಡಬಹುದು ಎಂದಿದೆ. ನಿಮ್ಮ ವೈದ್ಯರು ಜೆಲ್ ಸೂಚಿಸಿದರೆ ಅವರನ್ನು ಅನುಮಾನಿಸಬೇಕಿಲ್ಲ. ‘ನನ್ನಂಥವರಿಗೆ ಇದು ಎಷ್ಟರಮಟ್ಟಿಗೆ ಉಪಯೋಗ ಡಾಕ್ಟ್ರೇ, ಆಗದಿದ್ದರೆ ಮುಂದೇನು?’ ಎಂದು ಕೇಳುವ ಹಕ್ಕು ನಿಮಗಿದೆ.

ಯಾರು ಯೋಚಿಸಬಹುದು, ಯಾರು ಬೇಡ

ಸವೆತದ ಮಟ್ಟವನ್ನು ವೈದ್ಯರು ಸಾಮಾನ್ಯವಾಗಿ 1ರಿಂದ 4ರವರೆಗಿನ ಗ್ರೇಡಿನಲ್ಲಿ ಹೇಳುತ್ತಾರೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ರೂಪಿಸಿದ ಅಳತೆ ಅದು. ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ಭಾರ ಬಿದ್ದಾಗ ಕೀಲು ಎಷ್ಟು ಕೂಡಿಕೊಳ್ಳುತ್ತದೆ ಎಂಬುದು ಕಾಣುವುದಿಲ್ಲ. ವಯಸ್ಸು 45 ದಾಟಿ, ನಡೆದಾಗ ನೋವು ಬಂದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತಿದ್ದರೆ ರೋಗ ಯಾವುದೆಂದು ತಿಳಿಯಲು ಎಂಆರ್‌ಐ ಅಗತ್ಯ ಬೀಳುವುದು ಅಪರೂಪ. ಚಿತ್ರದಲ್ಲಿ ಸವೆತ ಹೆಚ್ಚಿದ್ದೂ ನೋವು ಕಡಿಮೆ ಇರುವವರಿದ್ದಾರೆ, ತಿರುಗಾಮುರುಗಾ ಇರುವವರೂ ಇದ್ದಾರೆ. ಚಿಕಿತ್ಸೆ ಮಾಡಬೇಕಾದ್ದು ನಿಮ್ಮ ನೋವಿಗೆ, ಎಕ್ಸ್‌ರೇಗಲ್ಲ.

ಜೆಲ್‌ನಿಂದ ಏನಾದರೂ ಪ್ರಯೋಜನ ಆಗುವುದಿದ್ದರೆ ಅದು ಸಣ್ಣ ಅಥವಾ ಮಧ್ಯಮ ಸವೆತದವರಿಗೆ. ಮೂಳೆಗೆ ಮೂಳೆ ತಾಗುವ ನಾಲ್ಕನೇ ಗ್ರೇಡಿನಲ್ಲಿ, ಕಾಲು ಬಾಗಿ ಹೋದವರಲ್ಲಿ ಇದಕ್ಕೆ ದುಡ್ಡು ಹಾಕುವುದನ್ನು ನಾನು ಒಪ್ಪುವುದಿಲ್ಲ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆಯಿಂದಾಗಿ ನೋವಿನ ಮಾತ್ರೆ ನುಂಗುವಂತಿಲ್ಲದವರು, ವ್ಯಾಯಾಮವನ್ನು ಮೂರು ತಿಂಗಳಾದರೂ ಬಿಡದೆ ಮಾಡಿ ನೋಡಿದವರು, ಶಸ್ತ್ರಚಿಕಿತ್ಸೆಯನ್ನು ಸಕಾರಣವಾಗಿ ಮುಂದೂಡಬೇಕಾದವರು ವೈದ್ಯರೊಂದಿಗೆ ಕೂತು ಯೋಚಿಸಬಹುದು. ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು: ಸ್ಟಿರಾಯ್ಡ್ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಜೆಲ್‌ನಲ್ಲಿ ಆ ತೊಂದರೆ ಇಲ್ಲ.

ಮಂಡಿಯ ಮೇಲೆ ಗಾಯ, ಕಜ್ಜಿ, ಕೀವು ಇದ್ದರೆ, ಜ್ವರ ಇದ್ದರೆ ಆ ದಿನ ಬೇಡವೇ ಬೇಡ. ಕೀಲು ಬಿಸಿಯಾಗಿ ಊದಿಕೊಂಡಿದ್ದರೆ ಮೊದಲು ಕಾರಣ ಪತ್ತೆಯಾಗಬೇಕು. ಅದು ರುಮಟಾಯ್ಡ್ ಸಂಧಿವಾತ ಇರಬಹುದು, ಗೌಟ್ ಇರಬಹುದು, ಸೋಂಕೂ ಇರಬಹುದು.

ಕೋಳಿ, ಮೊಟ್ಟೆ ಅಲರ್ಜಿ ಇರುವವರೂ ಸಸ್ಯಾಹಾರಿಗಳೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಸಿನ್ವಿಸ್ಕ್, ಹಯಾಲ್ಗನ್‌ನಂಥ ಹಳೆಯ ಬ್ರಾಂಡ್‌ಗಳ ಹೈಲುರಾನಿಕ್ ಆಸಿಡ್ ಬರುವುದು ಹುಂಜದ ಜುಟ್ಟಿನಿಂದ. ಡ್ಯುರೋಲೇನ್‌ನಂಥವು ಬ್ಯಾಕ್ಟೀರಿಯಾಗಳನ್ನು ಹುದುಗಿಸಿ ತಯಾರಾದವು. ಸಂಪ್ರದಾಯಸ್ಥ ಮನೆಯ ಹಿರಿಯರಿಗೆ ಯಾರೂ ಈ ವಿಷಯ ಹೇಳುವುದಿಲ್ಲ. ಅದು ಅವರು ತಿಳಿದು ನಿರ್ಧರಿಸಬೇಕಾದ ಸಂಗತಿ. ‘ಇದು ಕೋಳಿಯಿಂದ ಮಾಡಿದ್ದಾ?’ ಎಂದು ಸಂಕೋಚವಿಲ್ಲದೆ ಕೇಳಿ. ಬಾಕ್ಸಿನೊಳಗಿನ ಚೀಟಿಯಲ್ಲಿ ಮೂಲ ಬರೆದಿರುತ್ತದೆ.

ಅದಕ್ಕೂ ಮೊದಲು ಮಾಡಬೇಕಾದ್ದು

2016ರಲ್ಲಿ ಪ್ರಕಟವಾದ, ಬೆಂಗಳೂರು ಸೇರಿ ದೇಶದ ಐದು ಕಡೆ ನಡೆದ ಸಮೀಕ್ಷೆಯೊಂದರಲ್ಲಿ ಶೇ 28.7 ಮಂದಿಗೆ ಮಂಡಿ ಸವೆತ ಕಂಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಷ್ಟು ಜನರ ಪೈಕಿ ಸೂಜಿಗೆ ಮೊದಲು ಸರಿಯಾಗಿ ವ್ಯಾಯಾಮ ಹೇಳಿಸಿಕೊಂಡವರು ಎಷ್ಟು ಮಂದಿ ಎಂದು ಯೋಚಿಸಿದರೆ ನನಗೆ ಬೇಸರವಾಗುತ್ತದೆ. ಮಂಡಿನೋವಿಗೆ ಅತ್ಯಂತ ಗಟ್ಟಿ ಪುರಾವೆ ಇರುವ ಚಿಕಿತ್ಸೆ ತೊಡೆಯ ಸ್ನಾಯು ಬಲಪಡಿಸುವುದು ಮತ್ತು ತೂಕ ಇಳಿಸುವುದು.

ತೂಕದ ಲೆಕ್ಕ ಹೀಗಿದೆ: ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನ ತೋರಿಸಿತು. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 454 ಮಂದಿ ಇದ್ದರು. ಆಹಾರ ಹತೋಟಿ ಮತ್ತು ವ್ಯಾಯಾಮ ಎರಡನ್ನೂ ಮಾಡಿದ ಗುಂಪು ಹದಿನೆಂಟು ತಿಂಗಳಲ್ಲಿ ಸರಾಸರಿ ಹತ್ತು ಕಿಲೋಗಿಂತ ಹೆಚ್ಚು ಇಳಿಸಿತು, ನೋವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಜೆಲ್‌ನ ಯಾವ ಪ್ರಯೋಗದಲ್ಲೂ ಉಪ್ಪುನೀರಿಗಿಂತ ಇಷ್ಟು ಮುಂದೆ ಹೋದದ್ದನ್ನು ನಾನು ಓದಿಲ್ಲ.

ಮನೆಯಲ್ಲಿ ಮಾಡಲು ಮೂರು ಸಾಕು. ಮಂಚದ ಮೇಲೆ ಕಾಲು ಚಾಚಿ ಕೂತು, ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಿ. ಅಂಗಾತ ಮಲಗಿ ಒಂದು ಕಾಲು ಮಡಚಿಟ್ಟು, ಇನ್ನೊಂದನ್ನು ನೇರವಾಗಿ ಒಂದಡಿಯಷ್ಟು ಎತ್ತಿ ಐದು ಎಣಿಸಿ ಇಳಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನ ಕೂರಿ. ಕಷ್ಟವಾದರೆ ದಿಂಬು ಹಾಕಿ ಕುರ್ಚಿಯನ್ನು ಎತ್ತರಿಸಿಕೊಳ್ಳಿ. ಒಂದೊಂದನ್ನೂ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಮಾಡುವಾಗ ಸ್ವಲ್ಪ ನೋವಾದರೆ ಅಂಜಬೇಡಿ, ಮರುದಿನ ಹೆಚ್ಚಿದ್ದರೆ ಮಾತ್ರ ಕಡಿಮೆ ಮಾಡಿ. ಶುರುವಿನಲ್ಲಿ ಒಮ್ಮೆ ಫಿಸಿಯೋಥೆರಪಿಸ್ಟ್ ಕಣ್ಣೆದುರಿಗೆ ಮಾಡಿ ತೋರಿಸಿಕೊಳ್ಳುವುದು ಒಳ್ಳೆಯದು.

ಊರುಗೋಲು ಹಿಡಿಯುವವರು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಿದ್ದರೆ ಎಡಗೈ. ಚಕ್ಕಂಬಕ್ಕಳ, ಕುಕ್ಕರುಗಾಲು ನೋವು ತರುತ್ತಿದ್ದರೆ ಊಟಕ್ಕೂ ಪೂಜೆಗೂ ಕುರ್ಚಿ ಇರಲಿ, ಇಂಡಿಯನ್ ಕಮೋಡ್ ಮೇಲೆ ಇಡುವ ಸ್ಟ್ಯಾಂಡ್ ತನ್ನಿ. ಡೈಕ್ಲೊಫೆನಾಕ್ ಮುಲಾಮನ್ನು ಹಚ್ಚುವುದು ಮಾತ್ರೆ ನುಂಗುವುದಕ್ಕಿಂತ ಹೊಟ್ಟೆಗೂ ಕಿಡ್ನಿಗೂ ಸುರಕ್ಷಿತ, ಮಂಡಿನೋವಿಗೆ ಮೊದಲ ಔಷಧಿಯಾಗಿ ನೈಸ್ ಹೇಳುವುದೂ ಅದನ್ನೇ. ತಿಂಗಳುಗಟ್ಟಲೆ ನುಂಗಿಸುವ ಗ್ಲುಕೋಸಮೈನ್ ಮಾತ್ರೆಗಳನ್ನು ಅದೇ ಸಂಸ್ಥೆ ಬೇಡ ಎಂದಿದೆ.

ಹಾಕಿಸಿಕೊಳ್ಳುವ ದಿನ

ಅಡ್ಮಿಟ್ ಆಗಬೇಕಿಲ್ಲ. ಓಪಿಡಿಯಲ್ಲೇ ಅಥವಾ ಸಣ್ಣ ಪ್ರೊಸೀಜರ್ ರೂಮಿನಲ್ಲಿ ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ. ಉಪವಾಸ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಒಂದೇ ಸಲಕ್ಕೆ ಮುಗಿಯುವ ಜೆಲ್ ಇದೆ, ವಾರಕ್ಕೊಂದರಂತೆ ಮೂರರಿಂದ ಐದು ಸಲ ಚುಚ್ಚುವುದೂ ಇದೆ. ಸಿನ್ವಿಸ್ಕ್ 2 ಮಿಲಿಯಂತೆ ಮೂರು ವಾರ, ಸಿನ್ವಿಸ್ಕ್ ಒನ್ ಒಮ್ಮೆಗೇ 6 ಮಿಲಿ. ಬ್ರಾಂಡ್‌ಗಳ ನಡುವೆ ಅಣುತೂಕದ ವ್ಯತ್ಯಾಸವನ್ನು ದೊಡ್ಡದಾಗಿ ಹೇಳುತ್ತಾರೆ. ದುಬಾರಿಯದೇ ಮೇಲು ಎನ್ನಲು ಗಟ್ಟಿ ಆಧಾರ ಸಾಲದು.

ವೈದ್ಯರು ಮಂಡಿಯನ್ನು ಚೆನ್ನಾಗಿ ಶುಚಿಗೊಳಿಸಿ, ಗ್ಲೌಸ್ ಹಾಕಿ, ಸಾಮಾನ್ಯವಾಗಿ ಮಂಡಿಚಿಪ್ಪಿನ ಮೇಲಂಚಿನ ಹೊರಬದಿಯಿಂದ ಸೂಜಿ ಹಾಕುತ್ತಾರೆ. ಕೀಲಿನಲ್ಲಿ ನೀರು ತುಂಬಿದ್ದರೆ ಮೊದಲು ಅದನ್ನು ತೆಗೆಯಬೇಕು. ಇಲ್ಲದಿದ್ದರೆ ಜೆಲ್ ಅದರಲ್ಲಿ ಕರಗಿ ತೆಳುವಾಗುತ್ತದೆ. ತೆಗೆದ ನೀರು ಮಬ್ಬಾಗಿದ್ದರೆ ಜೆಲ್ ಹಾಕದೆ ಲ್ಯಾಬ್‌ಗೆ ಕಳಿಸಬೇಕು. ದಪ್ಪ ಕಾಲಿನವರಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಹಾಕಿದರೆ ಸೂಜಿ ಕೀಲಿನೊಳಗೇ ಹೋಗುವ ಖಾತ್ರಿ ಹೆಚ್ಚು. ಸಿರಿಂಜ್‌ನ ಬಾಕ್ಸನ್ನು ನಿಮ್ಮೆದುರೇ ಒಡೆಯಲಿ. ಎಕ್ಸ್‌ಪೈರಿ ದಿನಾಂಕ ನೋಡಿ, ಬ್ಯಾಚ್ ನಂಬರಿನ ಸ್ಟಿಕ್ಕರ್ ಅಥವಾ ಬಾಕ್ಸಿನ ಫೋಟೋ ತೆಗೆದಿಟ್ಟುಕೊಳ್ಳಿ.

ಎರಡು ದಿನ ಜೋರು ನಡಿಗೆ, ಮೆಟ್ಟಿಲು ಹತ್ತುವುದು, ಮದುವೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವುದು, ಭಾರ ಹೊರುವುದು ಬೇಡ. ಮನೆಯೊಳಗೆ ಓಡಾಡಬಹುದು. ಸ್ವಲ್ಪ ನೋವು, ಊತ ಸಹಜ, ಐಸ್ ಇಟ್ಟರೆ ಇಳಿಯುತ್ತದೆ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿ, ಕಾಲು ಮಡಚಲೂ ಊರಲೂ ಆಗದಿದ್ದರೆ, ಜ್ವರ ಚಳಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಕೆಲವರಲ್ಲಿ ಜೆಲ್‌ಗೆ ದೇಹ ತೀವ್ರವಾಗಿ ಪ್ರತಿಕ್ರಿಯಿಸಿ, ಮಂಡಿ ಊದಿ ಸೋಂಕಿನಂತೆಯೇ ಕಾಣುತ್ತದೆ. ಎರಡರ ವ್ಯತ್ಯಾಸ ಗೊತ್ತಾಗುವುದು ಕೀಲಿನ ನೀರು ಪರೀಕ್ಷಿಸಿದಾಗ ಮಾತ್ರ. ನಿಜವಾದ ಸೋಂಕು ಅಪರೂಪ, ಆದರೆ ತಡಮಾಡಿದರೆ ಕೀಲೇ ಹಾಳಾಗುತ್ತದೆ.

ಹಾಕಿಸಿದ ಮರುದಿನವೇ ನೋವು ಮಾಯವಾಗಲಿಲ್ಲವೆಂದು ನಿರಾಶರಾಗಬೇಡಿ. ಪರಿಣಾಮ ಕಾಣುವುದಿದ್ದರೆ ಸುಮಾರು ನಾಲ್ಕು ವಾರದಿಂದ ಕಾಣುತ್ತದೆ, ಎಂಟನೇ ವಾರದ ಹೊತ್ತಿಗೆ ಹೆಚ್ಚಿರುತ್ತದೆ, ಆರು ತಿಂಗಳಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ. ಹಾಕಿಸುವ ಮೊದಲು ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ನೋವಿಲ್ಲದೆ ಎಷ್ಟು ದೂರ ನಡೆಯುತ್ತೀರಿ, ಎಷ್ಟು ಮೆಟ್ಟಿಲು ಹತ್ತುತ್ತೀರಿ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಎಂಟು ವಾರ ಕಳೆದ ಮೇಲೆ ಮತ್ತೆ ಬರೆಯಿರಿ. ವ್ಯತ್ಯಾಸ ಕಾಣದಿದ್ದರೆ ಎರಡನೇ ಸಲ ಹಾಕಿಸಬೇಡಿ. ಉಪಯೋಗವಾಗಿದ್ದರೂ ಆರು ತಿಂಗಳೊಳಗೆ ಮತ್ತೆ ಬೇಡ. ನೋವು ಕಡಿಮೆಯಾದ ಆ ತಿಂಗಳುಗಳೇ ವ್ಯಾಯಾಮಕ್ಕೆ ಸಿಕ್ಕ ಅವಕಾಶ. ಎಷ್ಟೋ ಮಂದಿ ನೋವು ಹೋಯಿತಲ್ಲ ಎಂದು ಆಗಲೇ ವ್ಯಾಯಾಮ ಬಿಡುತ್ತಾರೆ.

ಬಿಲ್, ವಿಮೆ, ಬೇರೆ ಇಂಜೆಕ್ಷನ್‌ಗಳು

ಒಂದು ಮಂಡಿಗೆ ಕೆಲವು ಸಾವಿರದಿಂದ ಹತ್ತಾರು ಸಾವಿರ ರೂಪಾಯಿವರೆಗೆ ಬ್ರಾಂಡ್ ನೋಡಿ, ಆಸ್ಪತ್ರೆ ನೋಡಿ ಬದಲಾಗುತ್ತದೆ. ಜೆಲ್‌ನ ಬೆಲೆ, ಹಾಕುವ ಶುಲ್ಕ, ರೂಮಿನ ಶುಲ್ಕವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ, ಎಂಆರ್‌ಪಿ ನೋಡಿ. ಆಸ್ಪತ್ರೆಗೆ ದಾಖಲಾಗದ ಓಪಿಡಿ ಚಿಕಿತ್ಸೆಗೆ ಮಾಮೂಲು ಆರೋಗ್ಯ ವಿಮೆ ಹಣ ಕೊಡುವುದಿಲ್ಲ, ಪಾಲಿಸಿಯಲ್ಲಿ ಓಪಿಡಿ ಕವರ್ ಇದೆಯೇ ನೋಡಿಕೊಳ್ಳಿ. ವಿಮೆ ಸಿಗಲೆಂದು ಅಗತ್ಯವಿಲ್ಲದೆ ಒಂದು ರಾತ್ರಿ ಅಡ್ಮಿಟ್ ಆಗುವ ಸಲಹೆಗೆ ಒಪ್ಪಬೇಡಿ, ಕ್ಲೇಮ್ ತಿರಸ್ಕಾರವಾದರೆ ಪೂರ್ತಿ ಬಿಲ್ ನಿಮ್ಮ ತಲೆಗೇ ಬರುತ್ತದೆ.

ಸ್ಟಿರಾಯ್ಡ್ ಇಂಜೆಕ್ಷನ್ ಅಗ್ಗ, ಬೇಗ ಕೆಲಸ ಮಾಡುತ್ತದೆ, ಊತವಿದ್ದಾಗ ಕೆಲವು ವಾರ ನೆಮ್ಮದಿ ಕೊಡುತ್ತದೆ. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟ 2017ರ ಅಮೆರಿಕದ ಪ್ರಯೋಗದಲ್ಲಿ ಉಪ್ಪುನೀರಿನವರಿಗಿಂತ ಮೃದ್ವಸ್ಥಿ ಹೆಚ್ಚು ಸವೆಯಿತು, ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. 156 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ವರ್ಷದ ಕೊನೆಗೆ ಸ್ಟಿರಾಯ್ಡ್ ಪಡೆದವರಿಗಿಂತ ಫಿಸಿಯೋಥೆರಪಿ ಮಾಡಿದವರು ಚೆನ್ನಾಗಿದ್ದರು. ಈಗ ಎಲ್ಲೆಡೆ ಕೇಳುವ ಪಿಆರ್‌ಪಿ, ಅಂದರೆ ನಿಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಇಂಜೆಕ್ಷನ್, ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಉಪ್ಪುನೀರಿಗಿಂತ ಮೇಲೆನಿಸಲಿಲ್ಲ.

ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಹತ್ತಿರದಲ್ಲಿದೆ ಎಂದಿದ್ದರೆ ಯಾವ ಇಂಜೆಕ್ಷನ್ ಅನ್ನೂ ಹಾಕಿಸಬೇಡಿ. ಶಸ್ತ್ರಚಿಕಿತ್ಸೆಗೆ ಮೂರು ತಿಂಗಳೊಳಗೆ ಕೀಲಿಗೆ ಸ್ಟಿರಾಯ್ಡ್ ಅಥವಾ ಜೆಲ್ ಚುಚ್ಚಿಸಿದ್ದವರಲ್ಲಿ ಆಮೇಲೆ ಕೃತಕ ಕೀಲಿಗೆ ಸೋಂಕು ತಗಲುವ ಪ್ರಮಾಣ ಹೆಚ್ಚು ಕಂಡಿದೆ. ಜೆಲ್ ಹಾಕಿಸಿದ ನಂತರ ಬೇರೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಹೋಗುವುದಾದರೆ ಯಾವ ಮಂಡಿಗೆ, ಯಾವ ತಾರೀಕಿನಂದು, ಯಾವ ಬ್ರಾಂಡ್ ಹಾಕಿಸಿದ್ದು ಎಂಬುದನ್ನು ಆ ಸರ್ಜನ್‌ಗೆ ಹೇಳಿ, ಬಾಕ್ಸಿನ ಫೋಟೋ ತೋರಿಸಿ. ದಿನ ನಿಗದಿ ಮಾಡುವುದು ಆ ಲೆಕ್ಕ ನೋಡಿದ ಮೇಲೆಯೇ.